ಕೀಲಿ ಯಾರ ಕೈಯಲ್ಲಿದೆ? ಮಾಸ್ಟೊಡಾನ್, ನಾಸ್ಟರ್, ಬಿಟ್‌ಕಾಯಿನ್ ವ್ಯಾಲೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಾವು ನಾಲ್ಕೈದು ಮಂದಿ ಬೆಂಗಳೂರಿನಲ್ಲಿ ಒಂದು ಮೇಜಿನ ಸುತ್ತ ಕುಳಿತು, ಬಂದವರ ಮೊಬೈಲ್ ತೊಡಕುಗಳನ್ನು ಬಿಡಿಸಲು ನೆರವಾಗುತ್ತೇವೆ. ಶುಲ್ಕವಿಲ್ಲ, ಫಲಕವಿಲ್ಲ. ಮೊದಮೊದಲು ಬರುತ್ತಿದ್ದುದು ಕನ್ನಡ ಕೀಲಿಮಣೆ, ಫೋಟೊ ಬ್ಯಾಕಪ್‌ನಂಥ ಪ್ರಶ್ನೆಗಳು. ಈಗ ಮಾಸ್ಟೊಡಾನ್, ನಾಸ್ಟರ್ ಎಂಬ ಸಾಮಾಜಿಕ ಜಾಲಗಳ, ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಇಡುವ ವ್ಯಾಲೆಟ್ ಆ್ಯಪ್‌ಗಳ ಪ್ರಶ್ನೆಗಳೂ ಸಾಲುಗಟ್ಟಿವೆ. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಗಂಟಲು ಒಣಗಿದ ಮೇಲೆ ಇದನ್ನು ಬರೆದಿಟ್ಟಿದ್ದೇನೆ.

ಫೋನನ್ನು ನಿಮ್ಮ ಕೈಗೆ ಕೊಟ್ಟರೆ ಸರಿಮಾಡಿ ಕೊಡುತ್ತೀರಾ?

ಇಲ್ಲ. ಫೋನು ನಿಮ್ಮ ಕೈಯಲ್ಲೇ ಇರಬೇಕು, ಬೆರಳೂ ನಿಮ್ಮದೇ ಆಗಿರಬೇಕು. ಎಲ್ಲಿ ಒತ್ತಬೇಕೆಂದು ನಾವು ಹೇಳುತ್ತೇವೆ. ವ್ಯಾಲೆಟ್ ತೆರೆಯುವ ಗುಪ್ತ ಪದಗಳು ಪರದೆಯ ಮೇಲೆ ಬರುವ ಹೊತ್ತಿಗೆ ಎದ್ದು ಕಿಟಕಿಯ ಕಡೆಗೆ ಹೋಗುತ್ತೇವೆ. ಇದನ್ನು ಕಂಡು ಕೆಲವರಿಗೆ ಬೇಸರವಾಗುತ್ತದೆ, "ನಿಮ್ಮ ಮೇಲೆ ನಂಬಿಕೆ ಇದೆ" ಎನ್ನುತ್ತಾರೆ. ಇಂದು ನಮ್ಮನ್ನು ನಂಬಿ ಕೊಟ್ಟವರು ನಾಳೆ ಇನ್ನೊಬ್ಬನನ್ನೂ ನಂಬಿ ಕೊಡುತ್ತಾರೆ. ಆ ರೂಢಿ ನಮ್ಮಿಂದ ಶುರುವಾಗುವುದು ಬೇಡ.

ವಿಕೇಂದ್ರೀಕೃತ ಜಾಲ ಎಂದರೆ ಏನು? ಇದು ಇನ್ನೊಂದು ಫೇಸ್‌ಬುಕ್ ಅಲ್ಲವೇ?

ಒಂದೇ ಕಂಪನಿಯ ಹಿಡಿತದಲ್ಲಿ ಇಲ್ಲದ ಜಾಲ ಎಂದರ್ಥ. ಮಾಸ್ಟೊಡಾನ್ ಮತ್ತು ನಾಸ್ಟರ್ ಎರಡಕ್ಕೂ ಈ ವಿಶೇಷಣ ಅಂಟಿಸುತ್ತಾರೆ. ಆದರೆ ಎರಡರ ಒಳಗಿನ ಏರ್ಪಾಡು ಬೇರೆ ಬೇರೆ.

ಮಾಸ್ಟೊಡಾನನ್ನು ಆಯ್ಗೆನ್ ರೊಚ್ಕೊ 2016ರಲ್ಲಿ ಹೊರತಂದರು. ಅದರಲ್ಲಿ ಸಾವಿರಾರು ಸರ್ವರ್‌ಗಳಿವೆ, ಒಂದೊಂದನ್ನೂ ಒಬ್ಬೊಬ್ಬರು ನಡೆಸುತ್ತಾರೆ. ಆಕ್ಟಿವಿಟಿಪಬ್ ಎಂಬ ಸಾಮಾನ್ಯ ಭಾಷೆಯಲ್ಲಿ ಅವು ಪರಸ್ಪರ ಮಾತಾಡುತ್ತವೆ. ಈ ಭಾಷೆ 2018ರ ಜನವರಿಯಲ್ಲಿ ಅಧಿಕೃತ ವೆಬ್ ಮಾನದಂಡವಾಯಿತು. ನಿಮ್ಮದು ಒಂದು ಕಂಪನಿಯ ಸಿಮ್, ನನ್ನದು ಇನ್ನೊಂದು ಕಂಪನಿಯದು, ಆದರೂ ಕರೆ ಹೋಗುತ್ತದಲ್ಲ, ಹಾಗೆ.

ನಾಸ್ಟರ್ ಹುಟ್ಟಿದ್ದು 2020ರಲ್ಲಿ. ಫಿಯಾಟ್‌ಜಾಫ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಅದರ ಕರ್ತೃ. ಅಲ್ಲಿ ನಿಮಗೆ ಯಾರೂ ಖಾತೆ ಕೊಡುವುದಿಲ್ಲ. ನಿಮ್ಮ ಫೋನೇ ಒಂದು ಮೊಹರನ್ನು ತಯಾರಿಸುತ್ತದೆ. ನೀವು ಬರೆದ ಚೀಟಿಗೆ ಆ ಮೊಹರು ಒತ್ತಿ, ಪಂಚಾಯಿತಿ ಕಟ್ಟೆ, ಹಾಲಿನ ಡೇರಿ, ಬಸ್ ನಿಲ್ದಾಣ ಹೀಗೆ ನಾಲ್ಕು ಕಡೆಯ ಫಲಕಗಳಿಗೆ ಅಂಟಿಸಿದಂತೆ. ಈ ಫಲಕಗಳಿಗೆ ರಿಲೇ ಎನ್ನುತ್ತಾರೆ. ಒಬ್ಬರು ಕಿತ್ತು ಹಾಕಿದರೂ ಉಳಿದ ಮೂರು ಕಡೆ ಇರುತ್ತದೆ. ಮೊಹರು ನಿಮ್ಮದೇ ಎಂಬುದನ್ನು ಓದುವವರ ಫೋನು ಗಣಿತದಿಂದ ಪರೀಕ್ಷಿಸುತ್ತದೆ.

ಯಾವ ಮಾಸ್ಟೊಡಾನ್ ಸರ್ವರ್‌ಗೆ ಸೇರಬೇಕು?

ಜನ ಈ ಪ್ರಶ್ನೆಯ ಮುಂದೆಯೇ ಅರ್ಧ ಗಂಟೆ ಕಳೆದು, ಬೇಸತ್ತು ಎದ್ದು ಹೋಗುತ್ತಾರೆ. ಅಷ್ಟು ಯೋಚಿಸಬೇಕಾಗಿಲ್ಲ, ಮುಂದೆ ಬದಲಿಸಬಹುದು. ನೋಡಬೇಕಾದ್ದು ಎರಡು ಸಂಗತಿ: ಸರ್ವರ್ ನಡೆಸುವವರು ತಮ್ಮ ನಿಯಮಗಳನ್ನು ಸ್ಪಷ್ಟವಾಗಿ ಬರೆದಿದ್ದಾರೆಯೇ, ಖರ್ಚು ಎಲ್ಲಿಂದ ಬರುತ್ತದೆ ಎಂದು ಹೇಳಿದ್ದಾರೆಯೇ. ಕನ್ನಡಿಗರನ್ನು ಯಾವ ಸರ್ವರ್‌ನಿಂದಲೂ ಹಿಂಬಾಲಿಸಬಹುದು.

ಭಾರತದಿಂದ ಮಾಸ್ಟೊಡಾನ್‌ಗೆ ಒಂದು ದೊಡ್ಡ ಅಲೆ ಬಂದದ್ದು 2019ರ ನವೆಂಬರ್ ಹೊತ್ತಿಗೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದದ್ದು ಅದಕ್ಕೆ ಕಾರಣ. 2022ರ ಕೊನೆಯಲ್ಲಿ ಟ್ವಿಟರ್ ಕೈ ಬದಲಾದಾಗ ಇನ್ನೊಂದು ಅಲೆ ಬಂತು. ಎರಡೂ ಸಲ ಬಂದವರಲ್ಲಿ ಬಹಳಷ್ಟು ಮಂದಿ, ತಮ್ಮ ಗೆಳೆಯರು ಇಲ್ಲಿಲ್ಲವೆಂದು ವಾಪಸಾದರು. ಹಾಗಾಗಿ ನನ್ನ ಸಲಹೆ ಇಷ್ಟೇ: ಸರ್ವರ್ ಹುಡುಕುವ ಸಮಯದಲ್ಲಿ ನಾಲ್ಕು ಗೆಳೆಯರನ್ನು ಜೊತೆಗೆ ಕರೆತನ್ನಿ.

ಸರ್ವರ್ ಮುಚ್ಚಿದರೆ ನಾನು ಬರೆದದ್ದೆಲ್ಲ ಹೋಗುತ್ತದೆಯೇ?

ಹೋಗಬಹುದು. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು, ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮೊದಲೇ ತಿಳಿಸುವುದಾಗಿ ಮಾತು ಕೊಟ್ಟಿರುತ್ತವೆ. ಪಟ್ಟಿಯ ಹೊರಗಿನವಕ್ಕೆ ಆ ಕಟ್ಟುಪಾಡು ಇಲ್ಲ. ಹೊಸ ಸರ್ವರ್‌ಗೆ ಹೋಗುವಾಗ ನಿಮ್ಮನ್ನು ಹಿಂಬಾಲಿಸುವವರು ತಾವಾಗಿಯೇ ಜೊತೆಗೆ ಬರುತ್ತಾರೆ. ನೀವು ಹಿಂಬಾಲಿಸುವವರ ಪಟ್ಟಿಯನ್ನು ಫೈಲಾಗಿ ಇಳಿಸಿಕೊಂಡು ಹೊಸ ಕಡೆ ಏರಿಸಬೇಕು. ಹಳೆಯ ಬರಹಗಳು ಮಾತ್ರ ಹಳೆಯ ಮನೆಯಲ್ಲೇ ಉಳಿಯುತ್ತವೆ.

ಜನ ಎಡವುವುದು ಇನ್ನೊಂದು ಕಡೆ: ವರ್ಗಾವಣೆ ನಡೆಯಬೇಕಾದರೆ ಹಳೆಯ ಸರ್ವರ್ ಜೀವಂತವಾಗಿರಬೇಕು. ಅದು ನಿಂತ ಮೇಲೆ ನಮ್ಮ ಹತ್ತಿರ ಬಂದರೆ ಹೊಸ ಖಾತೆ ತೆರೆಯುವುದನ್ನು ಬಿಟ್ಟು ಬೇರೆ ದಾರಿ ಇಲ್ಲ.

ಅಲ್ಲಿನ ಖಾಸಗಿ ಸಂದೇಶ ನಿಜವಾಗಿಯೂ ಖಾಸಗಿಯೇ?

ಅಲ್ಲ. ಮಾಸ್ಟೊಡಾನ್‌ನ ಖಾಸಗಿ ಉಲ್ಲೇಖಗಳು ಕೊನೆಯಿಂದ ಕೊನೆಗೆ ಗೂಢಲಿಪಿಯಲ್ಲಿ ಹೋಗುವುದಿಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಇನ್ನೊಂದು ಅಪಾಯವೂ ಇದೆ: ಖಾಸಗಿ ಸಂದೇಶದೊಳಗೆ ಮೂರನೆಯವರ ಹೆಸರನ್ನು ಎಟ್ ಚಿಹ್ನೆಯೊಂದಿಗೆ ಬರೆದರೆ ಆ ಸಂದೇಶ ಅವರಿಗೂ ಹೋಗುತ್ತದೆ. ಯಾರ ಬಗ್ಗೆ ಚಾಡಿ ಹೇಳುತ್ತಿದ್ದೀರೋ ಅವರಿಗೇ ತಲುಪಿದ ಸಂದರ್ಭವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾಸ್ಟರ್ ಪಾಸ್‌ವರ್ಡ್ ಮರೆತಿದ್ದೇನೆ. ಹೊಸದು ಹೇಗೆ ಪಡೆಯುವುದು?

ನಾಸ್ಟರ್‌ನಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ. ಎರಡು ಉದ್ದದ ಸಾಲುಗಳಿವೆ. ಎನ್‌ಪಬ್ (npub) ಎಂದು ಶುರುವಾಗುವುದು ನಿಮ್ಮ ವಿಳಾಸ, ಎಲ್ಲರಿಗೂ ಕೊಡಬಹುದು. ಎನ್‌ಸೆಕ್ (nsec) ಎಂದು ಶುರುವಾಗುವುದು ಗುಟ್ಟಿನ ಕೀಲಿ, ಯಾರಿಗೂ ಕೊಡಬಾರದು. ಒಂದೊಂದೂ 63 ಅಕ್ಷರಗಳದ್ದು. ಎನ್‌ಸೆಕ್ ಕಳೆದರೆ ಆ ಗುರುತು ಹೋಯಿತು. ಮನವಿ ಸಲ್ಲಿಸಲು ಕಚೇರಿಯೂ ಇಲ್ಲ, ಒಟಿಪಿ ಕಳಿಸಲು ಕಂಪನಿಯೂ ಇಲ್ಲ.

ಆದರೂ ಎದೆಗುಂದುವ ಮೊದಲು ಹಳೆಯ ಫೋನು, ಟ್ಯಾಬ್ಲೆಟ್, ಮನೆಯ ಕಂಪ್ಯೂಟರಿನ ಬ್ರೌಸರ್ ಎಲ್ಲವನ್ನೂ ಹುಡುಕಿ. ಯಾವುದಾದರೂ ಒಂದು ಕಡೆ ನೀವು ಇನ್ನೂ ಲಾಗಿನ್ ಆಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಕೀಲಿಯನ್ನು ನಕಲು ಮಾಡುವ ಆಯ್ಕೆ ಸಿಗುತ್ತದೆ. ನಮ್ಮ ಮೇಜಿಗೆ ಅಳುಮುಖದಲ್ಲಿ ಬಂದವರಲ್ಲಿ ಹಲವರು ಹೀಗೆ ನಗುತ್ತಾ ಹೋಗಿದ್ದಾರೆ. ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಸರಿಹೋಗಬಹುದು ಎಂದುಕೊಂಡು ಇದ್ದ ಒಂದೇ ಪ್ರತಿಯನ್ನೂ ಅಳಿಸಿದವರೂ ಇದ್ದಾರೆ. ಆದ್ದರಿಂದ ಏನನ್ನೂ ಅಳಿಸದೆ ಬನ್ನಿ.

ಗಡಿಬಿಡಿಯಲ್ಲಿ ಎನ್‌ಸೆಕ್ ಅನ್ನೇ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟೆ. ಏನು ಮಾಡಲಿ?

ಆ ಗುರುತನ್ನು ಇಂದೇ ಬಿಡಿ. ಅಳಿಸಿದರೆ ಸಾಲದು, ಕೀಲಿಯನ್ನು ಬದಲಿಸಲೂ ಬರುವುದಿಲ್ಲ. ಹೊಸ ಜೋಡಿ ಕೀಲಿ ಮಾಡಿಕೊಂಡು, ಹಳೆಯ ಖಾತೆಯಿಂದ ಹೊಸ ವಿಳಾಸವನ್ನು ಪ್ರಕಟಿಸಿ, ಗೆಳೆಯರಿಗೆ ಬೇರೆ ದಾರಿಯಿಂದಲೂ ತಿಳಿಸಿ. ಹಳೆಯ ಖಾತೆಗೆ ಯಾವುದಾದರೂ ವ್ಯಾಲೆಟ್ ಜೋಡಿಸಿದ್ದರೆ ಅದನ್ನು ಮೊದಲು ಬಿಡಿಸಿ. ಮುಂದೆ ಹೀಗಾಗದಿರಲು, ಸಿಕ್ಕ ಸಿಕ್ಕ ಆ್ಯಪ್‌ಗಳಿಗೆಲ್ಲ ಎನ್‌ಸೆಕ್ ಅಂಟಿಸುವ ಅಭ್ಯಾಸ ಬಿಟ್ಟು, ಮೊಹರು ಒತ್ತುವ, ಅಂದರೆ ಸಹಿ ಹಾಕುವ ಪ್ರತ್ಯೇಕ ಆ್ಯಪ್ ಇಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಆಂಬರ್ ಇದೆ, ಕಂಪ್ಯೂಟರಿನಲ್ಲಿ ಬ್ರೌಸರ್ ವಿಸ್ತರಣೆಗಳಿವೆ. ಕೀಲಿ ಅದರೊಳಗೇ ಇರುತ್ತದೆ, ಬೇರೆ ಆ್ಯಪ್‌ಗಳಿಗೆ ಸಹಿ ಮಾತ್ರ ಹೋಗುತ್ತದೆ.

ಬರೆದದ್ದನ್ನು ಅಳಿಸಬಹುದೇ?

ಅಳಿಸಿ ಎಂದು ಕೋರಬಹುದು, ಅಷ್ಟೇ. ಎರಡೂ ಜಾಲಗಳಲ್ಲಿ ಈ ಕೋರಿಕೆ ಬೇರೆಯವರ ಯಂತ್ರಕ್ಕೆ ಹೋಗುತ್ತದೆ, ಆ ಯಂತ್ರ ಕೇಳಲೂಬಹುದು, ಕೇಳದೆಯೂ ಇರಬಹುದು. ಮನೆ ಮಕ್ಕಳ ಫೋಟೊ ಹಾಕುವ ಮುನ್ನ ಇದು ನೆನಪಿರಲಿ.

ಬ್ಲೂಸ್ಕೈ ಕೂಡ ಹೀಗೆಯೇ?

ಸುಮಾರಾಗಿ. ಟ್ವಿಟರ್ ಮಾದರಿಯ ಈ ಜಾಲ 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಎಟಿ ಪ್ರೋಟೊಕಾಲ್ ಎಂಬ ಅದರ ಭಾಷೆಯಲ್ಲಿ ಖಾತೆಯನ್ನು ಬೇರೆಡೆಗೆ ಒಯ್ಯಲು ದಾರಿ ಇದೆ, ನಿಮ್ಮದೇ ಡೊಮೈನನ್ನು (ವೆಬ್ ವಿಳಾಸವನ್ನು) ಹೆಸರಾಗಿ ಇಟ್ಟುಕೊಳ್ಳಬಹುದು. ಬಹುತೇಕ ಬಳಕೆದಾರರು ಇರುವುದು ಮಾತ್ರ ಆ ಕಂಪನಿಯ ಸರ್ವರ್‌ಗಳಲ್ಲೇ. ಬಳಸಲು ಸುಲಭ, ಅಲ್ಲಿಂದ ನಮ್ಮ ಮೇಜಿಗೆ ಬರುವ ದೂರುಗಳೂ ಕಡಿಮೆ.

ಜ್ಯಾಪ್ ಎಂದರೆ ಏನು? ನಾಸ್ಟರ್ ಖಾತೆಯೇ ವ್ಯಾಲೆಟ್ಟೇ?

ಬರಹ ಇಷ್ಟವಾದರೆ ಹೃದಯದ ಗುರುತಿನ ಬದಲು ಒಂದಿಷ್ಟು ಸತೋಶಿ ಕಳಿಸುವುದಕ್ಕೆ ಜ್ಯಾಪ್ ಎನ್ನುತ್ತಾರೆ. ಒಂದು ಬಿಟ್‌ಕಾಯಿನ್‌ನಲ್ಲಿ 10 ಕೋಟಿ ಸತೋಶಿ. ಹಣ ಹೋಗುವುದು ಬಿಟ್‌ಕಾಯಿನ್ ಜಾಲದ ಮೇಲಿರುವ ಲೈಟ್ನಿಂಗ್ ಎಂಬ ವೇಗದ ಪದರದಲ್ಲಿ. ನಿಮ್ಮ ಪರಿಚಯ ಪುಟದಲ್ಲಿ ಇಮೇಲ್‌ನಂತೆ ಕಾಣುವ ಒಂದು ಲೈಟ್ನಿಂಗ್ ವಿಳಾಸ ಇರುತ್ತದೆ, ಜ್ಯಾಪ್ ಅಲ್ಲಿಗೆ ಸೇರುತ್ತದೆ. 2023ರಲ್ಲಿ ಐಫೋನ್‌ನ ಡೇಮಸ್ ಎಂಬ ನಾಸ್ಟರ್ ಆ್ಯಪ್‌ನಲ್ಲಿ ಬರಹಗಳಿಗೆ ಜ್ಯಾಪ್ ಕೊಡುವುದಕ್ಕೆ ಆ್ಯಪಲ್ ಅಡ್ಡ ಬಂದು ದೊಡ್ಡ ಜಗಳವೇ ಆಯಿತು.

ಖಾತೆ ಬೇರೆ, ವ್ಯಾಲೆಟ್ ಬೇರೆ. ಎನ್‌ಸೆಕ್‌ನೊಳಗೆ ಹಣವಿಲ್ಲ. ಎರಡರ ಹಿಂದಿನ ಗಣಿತ ಒಂದೇ ಬಳಗದ್ದು ಎಂದು ಓದಿಕೊಂಡ ಚುರುಕು ಹುಡುಗರು ಕೆಲವರು, ವ್ಯಾಲೆಟ್‌ನ ಪದಗಳಿಂದಲೇ ನಾಸ್ಟರ್ ಕೀಲಿಯನ್ನೂ ತೆಗೆಯುತ್ತಾರೆ. ತಾಂತ್ರಿಕವಾಗಿ ಸಾಧ್ಯ. ಆದರೆ ಬೀದಿ ಬಾಗಿಲಿಗೂ ಒಡವೆಯ ಪೆಟ್ಟಿಗೆಗೂ ಒಂದೇ ಬೀಗದ ಕೈ ಇಡುವವರನ್ನು ನಮ್ಮ ಅಜ್ಜಿಯಂದಿರು ಏನೆಂದು ಕರೆಯುತ್ತಿದ್ದರೋ, ನಾನೂ ಅದನ್ನೇ ಕರೆಯುತ್ತೇನೆ.

ಯಾವ ವ್ಯಾಲೆಟ್ ಒಳ್ಳೆಯದು?

ಹೆಸರು ಕೇಳುವ ಮೊದಲು ಬಗೆ ಕೇಳಿ. ಬೇರೆಯವರು ಕೀಲಿ ಇಟ್ಟುಕೊಂಡು ನಿಮ್ಮ ಹೆಸರಿಗೆ ಲೆಕ್ಕ ಬರೆದುಕೊಳ್ಳುವುದು ಒಂದು ಬಗೆ. ವ್ಯಾಲೆಟ್ ಆಫ್ ಸತೋಶಿ ಇದಕ್ಕೆ ಹೆಸರಾದದ್ದು. ಕೀಲಿ ನಿಮ್ಮ ಫೋನಿನಲ್ಲೇ ಇರುವುದು ಇನ್ನೊಂದು ಬಗೆ. ಲೈಟ್ನಿಂಗ್‌ಗೆ ಫೀನಿಕ್ಸ್, ಮೂಲ ಬಿಟ್‌ಕಾಯಿನ್‌ಗೆ ಬ್ಲೂವ್ಯಾಲೆಟ್, ಕಂಪ್ಯೂಟರಿನಲ್ಲಿ ಸ್ಪ್ಯಾರೊ ಅಥವಾ ಎಲೆಕ್ಟ್ರಮ್ ಇಂಥವು.

ಚಹಾಕ್ಕೆ ಆಗುವಷ್ಟು ಜ್ಯಾಪ್ ಹಣವಾದರೆ ಮೊದಲ ಬಗೆ ಸಾಕು. ಅಂಥ ಸೇವೆಗಳು ನಿಲ್ಲುವುದೂ ಉಂಟು: ಬ್ಲೂವ್ಯಾಲೆಟ್ ತಾನು ನಡೆಸುತ್ತಿದ್ದ ಲೈಟ್ನಿಂಗ್ ಖಾತೆಗಳ ಸೇವೆಯನ್ನು 2023ರಲ್ಲಿ ಮುಚ್ಚಿತು, ಹಣ ತೆಗೆದುಕೊಳ್ಳಿ ಎಂದು ಮೊದಲೇ ಹೇಳಿತ್ತು. ಕಳೆದುಕೊಂಡರೆ ನಿದ್ದೆ ಕೆಡುವಷ್ಟು ಮೊತ್ತವಾದರೆ ಎರಡನೆಯ ಬಗೆಯೇ ಬೇಕು.

ಆ್ಯಪನ್ನು ಹುಡುಕಾಟದ ಜಾಹೀರಾತಿನಿಂದ ಇಳಿಸಬೇಡಿ, ಸಂದೇಶದಲ್ಲಿ ಬಂದ ಕೊಂಡಿಯಿಂದಲೂ ಇಳಿಸಬೇಡಿ. 2018ರ ಡಿಸೆಂಬರ್‌ನಲ್ಲಿ ಕಳ್ಳರು ಎಲೆಕ್ಟ್ರಮ್‌ನ ಜಾಲಕ್ಕೆ ತಮ್ಮ ಸರ್ವರ್‌ಗಳನ್ನು ಸೇರಿಸಿ, ಅಸಲಿ ಆ್ಯಪ್‌ನೊಳಗೇ "ಹೊಸ ಆವೃತ್ತಿ ಹಾಕಿಕೊಳ್ಳಿ" ಎಂಬ ಸಂದೇಶ ಕಾಣುವಂತೆ ಮಾಡಿದ್ದರು. ಕೊಂಡಿ ಒತ್ತಿ ನಕಲಿ ಹಾಕಿಕೊಂಡವರ ವ್ಯಾಲೆಟ್ ಬರಿದಾಯಿತು.

ವ್ಯಾಲೆಟ್ ಹನ್ನೆರಡು ಪದ ಬರೆದುಕೊಳ್ಳಲು ಹೇಳುತ್ತದೆ. ಕನ್ನಡದಲ್ಲಿ ಬರೆದುಕೊಳ್ಳಬಹುದೇ?

ಈ ಪ್ರಶ್ನೆ ಕೇಳಿದವರಿಗೆ ನಾನು ಎದ್ದು ಕೈ ಕುಲುಕುತ್ತೇನೆ, ಏಕೆಂದರೆ ಕೇಳದೆ ಬರೆದುಕೊಂಡವರೇ ಹೆಚ್ಚು.

ಫೋನು ಹೋದರೂ ವ್ಯಾಲೆಟ್‌ನ ಕೀಲಿಯನ್ನು ಮರಳಿ ಕೊಡುವ ಆ ಪದಗಳು 2048 ಪದಗಳ ಒಂದು ನಿಶ್ಚಿತ ಪಟ್ಟಿಯಿಂದ ಬರುತ್ತವೆ. 2013ರಲ್ಲಿ ರೂಪಿಸಿದ ಬಿಪ್ 39 ಎಂಬ ಮಾನದಂಡ ಅದು. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಜೆಕ್ ಭಾಷೆಗಳಿಗೂ ಪಟ್ಟಿಗಳಿವೆ, ಆದರೆ ಕನ್ನಡಕ್ಕಾಗಲಿ ಭಾರತದ ಬೇರಾವ ಭಾಷೆಗಾಗಲಿ ಇಲ್ಲ. ಇಂಗ್ಲಿಷ್ ಪದಗಳನ್ನು ಇಂಗ್ಲಿಷ್ ಕಾಗುಣಿತದಲ್ಲೇ, ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹಾಕಿ, ಬಿಡಿ ಅಕ್ಷರಗಳಲ್ಲಿ ಬರೆಯಬೇಕು.

ಏಕೆ ಎಂದರೆ, ಹಿರಿಯರೊಬ್ಬರು ಉಚ್ಚಾರಣೆ ಕೇಳಿಕೊಂಡು ಕನ್ನಡ ಲಿಪಿಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಅದರಲ್ಲಿ ಒಂದು ಪದ "ರೈಟ್". ಆ ಪಟ್ಟಿಯಲ್ಲಿ ಸರಿ ಎಂಬ ಅರ್ಥದ ರೈಟೂ ಇದೆ, ಬರೆ ಎಂಬ ಅರ್ಥದ ರೈಟೂ ಇದೆ. ಇನ್ನೊಂದು ಪದ "ಪೀಸ್". ಶಾಂತಿಯ ಪೀಸೂ ಇದೆ, ತುಂಡಿನ ಪೀಸೂ ಇದೆ. ಅದೃಷ್ಟಕ್ಕೆ ಕಡೆಯ ಪದದೊಳಗೆ ಒಂದು ಪರೀಕ್ಷಾಂಶ ಅಡಗಿರುತ್ತದೆ, ತಪ್ಪು ಜೋಡಣೆಗಳಲ್ಲಿ ಹೆಚ್ಚಿನವನ್ನು ವ್ಯಾಲೆಟ್ ತಾನೇ ತಳ್ಳಿಹಾಕುತ್ತದೆ. ಎರಡು ಅನುಮಾನದ ಪದಗಳಿಗೆ ನಾಲ್ಕೇ ಜೋಡಣೆ. ಅವರೇ ಒಂದೊಂದಾಗಿ ಹಾಕಿ ನೋಡಿದರು, ಮೂರನೆಯದು ತೆರೆದುಕೊಂಡಿತು. ಪೂರ್ತಿ ಕನ್ನಡಕ್ಕೆ ಅನುವಾದಿಸಿ ಇಟ್ಟವರನ್ನು ನಾನಿನ್ನೂ ನೋಡಿಲ್ಲ, ನೋಡುವುದೂ ಬೇಡ.

ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸ್ಪಷ್ಟವಾಗಿದ್ದರೆ ಸಾಕು, ಪಟ್ಟಿಯಲ್ಲಿ ಆ ನಾಲ್ಕು ಅಕ್ಷರಗಳಿಂದ ಶುರುವಾಗುವ ಪದ ಇನ್ನೊಂದಿಲ್ಲ. ಯಾವ ವ್ಯಾಲೆಟ್‌ನಲ್ಲಿ ಮಾಡಿದ್ದೆಂಬುದನ್ನೂ ಬರೆದಿಡಿ: ಎಲೆಕ್ಟ್ರಮ್ ತನ್ನದೇ ಬೇರೆ ಪದ್ಧತಿ ಬಳಸುತ್ತದೆ, ಅದರ ಪದಗಳು ಎಲ್ಲ ಕಡೆಯೂ ತೆರೆಯುವುದಿಲ್ಲ.

ಆ ಕಾಗದವನ್ನು ಎಲ್ಲಿ ಇಡಲಿ?

ಫೋಟೊ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ, ಅದು ನಿಮಗೆ ಗೊತ್ತಿಲ್ಲದೆಯೇ ಕ್ಲೌಡ್‌ಗೆ ಏರುತ್ತದೆ. ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡಿಕೊಳ್ಳುವುದೂ ಬೇಡ. ಕಾಗದದಲ್ಲಿ ಎರಡು ಪ್ರತಿ, ಎರಡು ಊರಲ್ಲಿ. ಮಲೆನಾಡಿನವರಾದರೆ ಮಳೆಗಾಲದ ಬೂಷ್ಟು ಮತ್ತು ಗೆದ್ದಲು ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಲ್‌ಪೆನ್ನಿನ ಶಾಯಿ ಒಂದು ಆಷಾಢದಲ್ಲಿ ಕಲಸಿಹೋಗಬಹುದು.

ಸ್ಟೀಲ್ ತಗಡಿನ ಮೇಲೆ ಕೆತ್ತಿಡುವುದು ಗಟ್ಟಿ ಉಪಾಯ. ಆದರೆ ಒಬ್ಬರು ಅದನ್ನು ಪಾತ್ರೆ ಅಂಗಡಿಗೆ ಒಯ್ದು, ಮದುವೆಯ ಉಡುಗೊರೆಯ ಮೇಲೆ ಹೆಸರು ಕೊರೆಯುವಾತನ ಕೈಯಲ್ಲಿ ಹನ್ನೆರಡೂ ಪದ ಕೊರೆಸಿಕೊಂಡು ಬಂದರು, ಸಾಲದ್ದಕ್ಕೆ ಪದಗಳನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದ್ದರು. ಅಂದು ಸಂಜೆಯೇ ಹೊಸ ವ್ಯಾಲೆಟ್ ಮಾಡಿಸಿ ಹಣ ಸಾಗಿಸಿದೆವು. ಕೊರೆಯುವ ಸಾಧನ ಕೊಂಡು ನೀವೇ ಕೊರೆಯಿರಿ, ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ.

ದೊಡ್ಡ ಮೊತ್ತ ಹಾಕುವ ಮುನ್ನ ಒಂದು ತಾಲೀಮು ಮಾಡಿ. ನೂರಿನ್ನೂರು ರೂಪಾಯಿಯಷ್ಟು ಹಾಕಿ, ಆ್ಯಪ್ ಅಳಿಸಿ, ಕಾಗದ ನೋಡಿಕೊಂಡು ಮತ್ತೆ ತೆರೆಯಿರಿ. ಹಣ ಕಂಡರೆ ಮುಂದುವರಿಯಿರಿ.

ಬಿಟ್‌ಕಾಯಿನ್ ಕಳಿಸಿ ಆರು ಗಂಟೆಯಾಯಿತು, ಇನ್ನೂ ತಲುಪಿಲ್ಲ.

ಬಹುತೇಕ ಶುಲ್ಕ ಕಡಿಮೆ ಇಟ್ಟಿದ್ದೀರಿ. ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಅಂದರೆ ವಹಿವಾಟುಗಳ ಕಟ್ಟು, ಬರುತ್ತದೆ, ಅದರಲ್ಲಿ ಜಾಗ ಸೀಮಿತ, ಹೆಚ್ಚು ಕೊಟ್ಟವರಿಗೆ ಮೊದಲು ಜಾಗ. 2024ರ ಏಪ್ರಿಲ್ 20ರಂದು ಹಾಲ್ವಿಂಗ್ (ಬ್ಲಾಕ್‌ಗೆ ಹುಟ್ಟುವ ಹೊಸ ನಾಣ್ಯ ಅರ್ಧಕ್ಕಿಳಿಯುವುದು) ಆದಾಗ ನೂಕುನುಗ್ಗಲಿನಲ್ಲಿ ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಬೇರೆ ದಿನಗಳಲ್ಲಿ ಕೆಲವೇ ರೂಪಾಯಿಗೆ ಹೋದದ್ದೂ ಉಂಟು. ವ್ಯಾಲೆಟ್‌ನಲ್ಲಿ ಶುಲ್ಕ ಏರಿಸುವ ಗುಂಡಿ ಇದ್ದರೆ ಒತ್ತಿ, ಇಲ್ಲದಿದ್ದರೆ ಕಾಯಿರಿ. ಬ್ಲಾಕ್ ಸೇರದ ವಹಿವಾಟನ್ನು ಜಾಲದ ಬಹಳಷ್ಟು ಕಂಪ್ಯೂಟರ್‌ಗಳು 14 ದಿನಗಳ ನಂತರ ಮರೆತುಬಿಡುತ್ತವೆ, ಹಣ ನಿಮ್ಮಲ್ಲೇ ಉಳಿಯುತ್ತದೆ.

ಕಳಿಸಿದ್ದು ನಾಣ್ಯ ಕೊಂಡು ಮಾರುವ ವಿನಿಮಯ ಕೇಂದ್ರದಿಂದಾದರೆ, ಯಾವ ಜಾಲ ಆರಿಸಿದಿರಿ ನೋಡಿ. ಶುಲ್ಕ ಅಗ್ಗವೆಂದು ಬೇರೊಂದು ಜಾಲ ಒತ್ತಿದವರಿಗೆ ಬರುವುದು ಬಿಟ್‌ಕಾಯಿನ್ ಅಲ್ಲ, ಅದರ ಹೆಸರಿನ ಟೋಕನ್. ಮೂಲ ಬಿಟ್‌ಕಾಯಿನ್ ವಿಳಾಸ ಶುರುವಾಗುವುದು 1, 3 ಅಥವಾ bc1 ಎಂದು. ಅಂಟಿಸಿದ ಮೇಲೆ ಮೊದಲ ಮತ್ತು ಕೊನೆಯ ಅಕ್ಷರಗಳ ಜೊತೆಗೆ ನಡುವಿನವನ್ನೂ ತಾಳೆ ನೋಡಿ. ನಕಲು ಮಾಡಿದ ವಿಳಾಸವನ್ನು ಸದ್ದಿಲ್ಲದೆ ಬದಲಿಸುವ ವೈರಸ್‌ಗಳಿವೆ.

ಲೈಟ್ನಿಂಗ್ ವ್ಯಾಲೆಟ್ ಮೊದಲ ಸಲ ಹಣ ಬಂದಾಗ ಶುಲ್ಕ ಕತ್ತರಿಸಿತು. ಮೋಸವೇ?

ಅಲ್ಲ. ಕೀಲಿ ನಿಮ್ಮಲ್ಲಿರುವ ವ್ಯಾಲೆಟ್‌ಗೆ ಹಣ ಬರಬೇಕಾದರೆ ಮೊದಲು ಚಾನೆಲ್ ಎಂಬ ಒಂದು ಕಾಲುವೆ ತೋಡಬೇಕು, ಅದಕ್ಕೆ ಮೂಲ ಬಿಟ್‌ಕಾಯಿನ್ ಜಾಲದಲ್ಲಿ ಒಂದು ವಹಿವಾಟು ಆಗಬೇಕು. ಆ ಖರ್ಚು ಅದು. ಅಂದಹಾಗೆ ಇಂಥ ಹಲವು ಆ್ಯಪ್‌ಗಳು ತೆರೆದಿದ್ದಾಗಲೇ ಹಣ ಸ್ವೀಕರಿಸುತ್ತವೆ. ಬ್ಯಾಟರಿ ಉಳಿಸಲು ಫೋನು ಅದನ್ನು ಮಲಗಿಸಿದರೆ ಕಳಿಸಿದವರಿಗೆ ವಿಫಲ ಎಂದು ತೋರುತ್ತದೆ.

ತೊಂದರೆ ಹೇಳಿಕೊಂಡ ಎರಡೇ ನಿಮಿಷದಲ್ಲಿ ಒಬ್ಬರು ಸಹಾಯಕ್ಕೆ ಬಂದರು. ವ್ಯಾಲೆಟ್ ಪರಿಶೀಲಿಸಲು ಹನ್ನೆರಡು ಪದ ಕೇಳುತ್ತಿದ್ದಾರೆ.

ಕಳ್ಳ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಪರಿಶೀಲನೆ, ಸಿಂಕ್, ಮೌಲ್ಯೀಕರಣ, ಮರುಪಾವತಿ, ಯಾವ ಹೆಸರಿನಲ್ಲಿ ಕೇಳಿದರೂ ಕಳ್ಳನೇ. ಹಣ ಹೋದ ಮೇಲೆ "ವಾಪಸ್ ತರಿಸಿಕೊಡುತ್ತೇನೆ, ಮೊದಲು ಶುಲ್ಕ ಕಟ್ಟಿ" ಎನ್ನುವವನು ಅವನ ತಮ್ಮ.

ಪದ ಕೊಟ್ಟಾಗಿದ್ದರೆ, ಇನ್ನೂ ಉಳಿದಿರುವುದನ್ನು ಹೊಸ ಪದಗಳ ಹೊಸ ವ್ಯಾಲೆಟ್‌ಗೆ ಕೂಡಲೇ ಸಾಗಿಸಿ. ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬ್ಯಾಂಕ್ ಅಥವಾ ಯುಪಿಐ ಮೂಲಕ ರೂಪಾಯಿ ಹೋಗಿದ್ದರೆ ಬೇಗ ಕರೆದಷ್ಟೂ ತಡೆಯುವ ಅವಕಾಶ ಹೆಚ್ಚು. ಬಿಟ್‌ಕಾಯಿನ್ ವಹಿವಾಟು ಒಮ್ಮೆ ದೃಢಪಟ್ಟರೆ ಅದನ್ನು ಹಿಂದೆ ತಿರುಗಿಸಲು ಯಾರಿಗೂ ಬರುವುದಿಲ್ಲ, ಆದರೂ ದೂರು ಇರಲಿ.

ಯಾರೋ ದಡ್ಡ ತನ್ನ ಹನ್ನೆರಡು ಪದಗಳನ್ನು ಬಹಿರಂಗವಾಗಿ ಹಾಕಿದ್ದಾನೆ, ಒಳಗೆ ಹಣವೂ ಇದೆ!

ಆ ದಡ್ಡ ನೀವಾಗಬೇಕೆಂದೇ ಹಾಕಿದ್ದು. ಒಳಗಿನ ಡಾಲರ್ ಟೋಕನ್ (ಡಾಲರ್ ಬೆಲೆಗೆ ಕಟ್ಟಿದ ಡಿಜಿಟಲ್ ನಾಣ್ಯ) ತೆಗೆಯಲು ಸಾರಿಗೆ ಖರ್ಚಿಗೆ ಸ್ವಲ್ಪ ನಾಣ್ಯ ಹಾಕಬೇಕಾಗುತ್ತದೆ. ನೀವು ಹಾಕಿದ್ದು ಅವನಿಗೆ ಹೋಗುತ್ತದೆ. ಮೂಲ ಹಣ ಇನ್ನೊಬ್ಬನ ಸಹಿ ಇಲ್ಲದೆ ಅಲುಗುವುದಿಲ್ಲ.

ಇದೆಲ್ಲ ಕಾನೂನುಬದ್ಧವೇ? ತೆರಿಗೆ?

ಭಾರತದಲ್ಲಿ ಬಿಟ್‌ಕಾಯಿನ್ ಇಟ್ಟುಕೊಳ್ಳುವುದಕ್ಕೆ ನಿಷೇಧವಿಲ್ಲ, ಆದರೆ ಇದು ರೂಪಾಯಿಯಂತೆ ಕಾನೂನುಸಮ್ಮತ ಚಲಾವಣೆಯ ಹಣವಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಈ ವ್ಯವಹಾರದಿಂದ ದೂರವಿರಲು ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮದೇ ಊರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ಕೆಲವೇ ದಿನಗಳಲ್ಲಿ ಹೊತ್ತೊಯ್ದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇಕಡ 30 ತೆರಿಗೆ ಬಂತು, ಜುಲೈನಿಂದ ಮಾರಾಟಕ್ಕೆ ಶೇಕಡ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಉಳಿದದ್ದನ್ನು ನಿಮ್ಮ ಆಡಿಟರ್ ಅವರನ್ನು ಕೇಳಿ. ಕೊಂಡ ದಿನಾಂಕ, ಬೆಲೆ ಬರೆದಿಟ್ಟುಕೊಂಡು ಹೋದರೆ ಅವರೂ ಸಂತೋಷಪಡುತ್ತಾರೆ.

ಕೊಂಡದ್ದನ್ನು ವಿನಿಮಯ ಕೇಂದ್ರದಲ್ಲೇ ಬಿಟ್ಟರೆ ಏನಾಯಿತು?

2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ನಾಣ್ಯಗಳು ಕಳುವಾದಾಗ, ಅಲ್ಲಿ ಇಟ್ಟಿದ್ದವರು ತಮ್ಮದನ್ನು ತೆಗೆಯಲಾಗದೆ ತಿಂಗಳುಗಟ್ಟಲೆ ಕಾದರು. ಅದೇ ವರ್ಷದ ಜನವರಿಯಲ್ಲಿ, ಇಲ್ಲಿ ನೋಂದಣಿ ಮಾಡಿಸದ ಹಲವು ವಿದೇಶಿ ಕೇಂದ್ರಗಳ ಆ್ಯಪ್‌ಗಳು ಆ್ಯಪ್ ಸ್ಟೋರ್‌ಗಳಿಂದ ಮಾಯವಾದವು. ಕೀಲಿ ತಮ್ಮ ಬಳಿ ಇದ್ದವರಿಗೆ ಎರಡೂ ಬರಿಯ ಸುದ್ದಿ.

ಹಾಗೆಂದು ಎಲ್ಲರಿಗೂ "ತೆಗೆದುಬಿಡಿ" ಎಂದು ನಾನು ಹೇಳುವುದಿಲ್ಲ. ಕಾಗದ ಕಳೆಯುವ ಸ್ವಭಾವದವರಿಗೆ ಸ್ವಂತ ಕೀಲಿಯೇ ದೊಡ್ಡ ಅಪಾಯ. ನಿಮ್ಮನ್ನು ನೀವು ಬಲ್ಲಿರಿ.

ನನಗೇನಾದರೂ ಆದರೆ ಮನೆಯವರಿಗೆ ಹೇಗೆ ಸಿಗುತ್ತದೆ?

ಕೇಳುವವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಫೋನು ಹಿಡಿದು ಬರುವ ಹೆಂಗಸರು ಇದ್ದಾರೆ, ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಾಮಿನಿ ಎಂಬ ಪದ ಈ ಲೋಕದಲ್ಲಿ ಕೆಲಸ ಮಾಡುವುದಿಲ್ಲ. ಪದಗಳು ಎಲ್ಲಿವೆ ಎಂಬುದನ್ನು ಕನ್ನಡದಲ್ಲಿ ಒಂದು ಪತ್ರವಾಗಿ ಬರೆಯಿರಿ: ಯಾವ ವ್ಯಾಲೆಟ್, ಯಾವ ಊರಿನ ಯಾವ ಪೆಟ್ಟಿಗೆ, ಮೊದಲು ಯಾರನ್ನು ಕೇಳಬೇಕು, ಯಾರನ್ನು ಕೇಳಲೇಬಾರದು. ಪದಗಳನ್ನು ಆ ಪತ್ರದಲ್ಲಿ ಬರೆಯಬೇಡಿ. ಪತ್ರ ಮನೆಯ ದಾಖಲೆಪತ್ರಗಳ ಜೊತೆ ಇರಲಿ, ಅದು ಇದೆಯೆಂದು ಒಬ್ಬರಿಗಾದರೂ ತಿಳಿದಿರಲಿ. ಆಗಾಗ ಅವರನ್ನೇ ಕೂರಿಸಿ ಸಣ್ಣ ಮೊತ್ತ ಕಳಿಸಲು ಹೇಳಿ.

ಭಾನುವಾರ ಬರುವಾಗ ಏನು ತರಬೇಕು?

ಚಾರ್ಜರ್, ಓದುವ ಕನ್ನಡಕ, ಒಂದು ಪೆನ್ನು. ಪದಗಳ ಕಾಗದ ಮನೆಯಲ್ಲೇ ಇರಲಿ.